ಚೆಕ್ಕು ಮರಳಿ ಬಂದರೆ...

ಯುವ ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರು ಇಂದು ಹಣ ಕಳಿಸುವುದು ಮೊಬೈಲಿನಲ್ಲಿ. ಚೆಕ್ ಪುಸ್ತಕ ಕಪಾಟಿನ ಮೂಲೆಯಲ್ಲಿ ಬಿದ್ದಿರಬಹುದು. ಆದರೂ ಸಾಲಕ್ಕೆ ಭದ್ರತೆ ಕೊಡುವಾಗ, ವ್ಯಾಪಾರಕ್ಕೆ ಸಾಮಾನು ಕಡ ತರುವಾಗ ಇಂದಿಗೂ ಚೆಕ್ಕು ಕೇಳುವವರಿದ್ದಾರೆ. ಸಹಿ ಹಾಕುವುದು ಅರೆ ನಿಮಿಷದ ಕೆಲಸ. ಆ ಸಹಿಯ ಹಿಂದೆ ಹಣವಿಲ್ಲದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತೆ?

ಬ್ಯಾಂಕು ಕಾರಣ ನಮೂದಿಸಿದ ಚೀಟಿಯೊಡನೆ ಚೆಕ್ಕನ್ನು ಹಿಂತಿರುಗಿಸುತ್ತದೆ, ನಿಮ್ಮ ಖಾತೆಯಿಂದ ಶುಲ್ಕ ಮುರಿದುಕೊಳ್ಳುತ್ತದೆ. ಅಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಗೆ 1988ರ ತಿದ್ದುಪಡಿಯಿಂದ 138ನೇ ಕಲಮು ಸೇರಿತು; 1989ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಸಾಲ ಅಥವಾ ಬಾಕಿ ತೀರಿಸಲು ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೇ ಚೆಕ್ಕಿನ ಮೊಬಲಗಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹೆದರಬೇಡಿ. ಚೆಕ್ಕು ಮರಳಿದ ಮರುದಿನವೇ ಯಾರೂ ನಿಮ್ಮನ್ನು ಕೋರ್ಟಿಗೆ ಎಳೆಯುವಂತಿಲ್ಲ. ಹಣ ಬರಬೇಕಾದವರು ಬ್ಯಾಂಕಿನ ಚೀಟಿ ಕೈಸೇರಿದ 30 ದಿನಗಳೊಳಗೆ ನಿಮಗೆ ಲಿಖಿತ ನೋಟೀಸು ಕಳಿಸಬೇಕು. ಅದು ತಲುಪಿದ ಮೇಲೆ ಹಣ ಕೊಡಲು ನಿಮಗೆ 15 ದಿನಗಳ ಅವಕಾಶ. ಅಷ್ಟರಲ್ಲಿ ಕೊಟ್ಟುಬಿಟ್ಟರೆ ಮೊಕದ್ದಮೆಯೇ ಇಲ್ಲ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಅವರು ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಸಬಹುದು. ಎಷ್ಟೋ ಮಂದಿ ಕೆಡುವುದು ಈ 15 ದಿನಗಳಲ್ಲಿ. ನೋಟೀಸು ಬಂದರೆ ಲಕೋಟೆಯನ್ನು ವಾಪಸು ಕಳಿಸುತ್ತಾರೆ, ಮನೆಯಲ್ಲಿ ಮುಚ್ಚಿಡುತ್ತಾರೆ. ಹಾಗೆ ಮಾಡಬೇಡಿ. ತಂದೆಗೋ ಅಣ್ಣನಿಗೋ ಹೇಳಿ, ವಕೀಲರನ್ನು ಕಾಣಿ. ಹಣ ಕೊಟ್ಟರೆ ರಸೀದಿ ಪಡೆಯಿರಿ, ಚೆಕ್ಕನ್ನು ಮರಳಿ ಕೇಳಿ.

ಇನ್ನೊಂದು ಎಚ್ಚರ. "ಸುಮ್ಮನೆ ಭದ್ರತೆಗೆ, ಒಂದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡು ಮಾರಾಯ" ಎಂದು ಗೆಳೆಯ ಕೇಳಿದರೆ ದಾಕ್ಷಿಣ್ಯಕ್ಕೆ ಬಸಿರಾಗಬೇಡಿ. ಸಹಿ ನಿಮ್ಮದಾದರೆ, ಮೊತ್ತವನ್ನು ಬೇರೆಯವರು ತುಂಬಿದರೂ, ಅದು ಬಾಕಿಗಾಗಿಯೇ ಕೊಟ್ಟದ್ದೆಂದು ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ನಿಮ್ಮದು. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ದೂರವೂ ರಕ್ಷಣೆಯಲ್ಲ. ನೀವು ಮುಂಬಯಿಯಲ್ಲಿ ಕೊಟ್ಟ ಚೆಕ್ಕನ್ನು ಊರಿನವರೊಬ್ಬರು ಉಡುಪಿಯ ಶಾಖೆಯಲ್ಲಿರುವ ತಮ್ಮ ಖಾತೆಗೆ ಹಾಕಿದರೆ, 2015ರ ತಿದ್ದುಪಡಿಯಂತೆ ಮೊಕದ್ದಮೆ ನಡೆಯುವುದು ಉಡುಪಿಯಲ್ಲಿ. ಪ್ರತಿ ವಾಯಿದೆಗೂ ಊರಿಗೆ ಓಡಬೇಕಾದೀತು, ಅದೂ ಹಬ್ಬಕ್ಕಲ್ಲ!

"ನಾನು ಚೆಕ್ಕನ್ನೇ ಬರೆಯುವುದಿಲ್ಲ" ಎನ್ನುವಿರಾ? ಬೈಕಿನ ಸಾಲದ ಮಾಸಿಕ ಕಂತು ಖಾತೆಯಿಂದ ತಾನಾಗಿ ಹೋಗುತ್ತದಲ್ಲ, ಅಂದು ಹಣವಿಲ್ಲದಿದ್ದರೆ 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯಲ್ಲಿ ಇದೇ ಶಿಕ್ಷೆಯಿದೆ. ಕಂತಿನ ಹಿಂದಿನ ದಿನ ಖಾತೆ ನೋಡುವ ರೂಢಿಯಿರಲಿ. ಹಾಸಿಗೆಯಿದ್ದಷ್ಟೇ ಕಾಲು ಚಾಚಿರೆಂಬ ಹಿರಿಯರ ಮಾತು ಬ್ಯಾಂಕಿಗೂ ಸಲ್ಲುತ್ತದೆ.

ಕೊನೆಗೊಂದು ಮಾತು. ಕಾಯಿದೆ ಹಿಡಿಯುವುದು ಸಾಲ, ಬಾಕಿಗಳ ಚೆಕ್ಕನ್ನು ಮಾತ್ರ. ಸಂಘಕ್ಕೆ ದೇಣಿಗೆಯೆಂದು ಕೊಟ್ಟ ಚೆಕ್ಕು ಮರಳಿದರೆ 138ನೇ ಕಲಮು ನಿಮ್ಮನ್ನು ಮುಟ್ಟದು. ಆದರೆ ಮುಂದಿನ ರಾಜ್ಯೋತ್ಸವದಲ್ಲಿ ಖಜಾಂಚಿಯವರ ಪಕ್ಕದ ಕುರ್ಚಿಯೇ ನಿಮ್ಮ ಪಾಲಿಗೆ ಬಂದರೆ ನಾವು ಹೊಣೆಯಲ್ಲ.