ಜಾಲತಾಣದ ನಿಜವಾದ ವೆಚ್ಚ

ಗ್ರಂಥವೊಂದು ಅಚ್ಚಾದ ಮೇಲೆ ಅದರ ವೆಚ್ಚ ಬಹುಮಟ್ಟಿಗೆ ಮುಗಿದಂತೆ. ಪ್ರತಿಗಳು ಪುಸ್ತಕಭಂಡಾರಗಳನ್ನು ಸೇರುತ್ತವೆ. ಪ್ರಕಾಶಕನು ಅಂಗಡಿ ಮುಚ್ಚಿದರೂ ಅವು ಓದುಗನಿಗೆ ದೊರೆಯುತ್ತಲೇ ಇರುತ್ತವೆ. ಜಾಲತಾಣದ ಸ್ಥಿತಿ ಹೀಗಲ್ಲ. ಅದರ ವೆಚ್ಚ ಪ್ರಕಟಣೆಯ ದಿನದಿಂದ ಆರಂಭವಾಗುತ್ತದೆ. ಕಾಲೇಜುಗಳೂ ವಿಶ್ವವಿದ್ಯಾನಿಲಯದ ವಿಭಾಗಗಳೂ ಶಾಸನಪಾಠಗಳನ್ನೂ ಹಳೆಯ ಪತ್ರಿಕೆಗಳ ಪುಟಗಳನ್ನೂ ಜಾಲದಲ್ಲಿ ಇರಿಸಲು ಮುಂದಾಗುತ್ತಿರುವ ಈ ಕಾಲದಲ್ಲಿ, ವೆಬ್ ಹೋಸ್ಟಿಂಗ್ ಎಂಬ ವ್ಯವಸ್ಥೆಗೆ ನಾವು ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ವೆಬ್ ಹೋಸ್ಟಿಂಗ್ ಎಂದರೆ, ಹಗಲಿರುಳೂ ಜಾಲಕ್ಕೆ ಕೂಡಿಕೊಂಡಿರುವ ಸರ್ವರ್ ಎಂಬ ಗಣಕಯಂತ್ರದಲ್ಲಿ ನಮ್ಮ ಕಡತಗಳಿಗೆ ಸ್ಥಳವನ್ನು ಬಾಡಿಗೆಗೆ ಪಡೆಯುವುದು. ಇದರ ವೆಚ್ಚದಲ್ಲಿ ನಾಲ್ಕು ಅಂಗಗಳುಂಟು: ಹೆಸರು, ಸ್ಥಳ, ಸಾಗಾಣಿಕೆ ಮತ್ತು ಪಾಲನೆ. ಜಾಹೀರಾತುಗಳು ಸಾಮಾನ್ಯವಾಗಿ ಮೊದಲ ಮೂರನ್ನು ಮಾತ್ರ ಹೇಳುತ್ತವೆ.

ಮೊದಲನೆಯದು ಹೆಸರು, ಅಂದರೆ ಡೊಮೇನ್. ಇದನ್ನು ಕೊಂಡೆವೆಂದು ನಾವು ಹೇಳುವುದುಂಟು. ವಾಸ್ತವವಾಗಿ ಅದು ಗೇಣಿ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳಿಗೆ ನೋಂದಾಯಿಸಬಹುದು. ನವೀಕರಣವನ್ನು ಮರೆತರೆ, ಕೆಲಕಾಲದ ಅವಕಾಶ ಕಳೆದ ಬಳಿಕ ಆ ಹೆಸರು ಅನ್ಯರ ಪಾಲಾಗಬಹುದು. ಆಗ ನಮ್ಮ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಉಲ್ಲೇಖಿಸಿದ ವಿಳಾಸ ಓದುಗನನ್ನು ಯಾವುದೋ ಸರಕಿನ ಅಂಗಡಿಗೆ ಕರೆದೊಯ್ದೀತು. ಶಿಕ್ಷಣಸಂಸ್ಥೆಗಳಿಗೆ ಮೀಸಲಾದ 'ಎಸಿ.ಇನ್' ಹೆಸರುಗಳನ್ನು ನಮ್ಮ ದೇಶದಲ್ಲಿ ಅರ್ನೆಟ್ ಇಂಡಿಯಾ ಸಂಸ್ಥೆಯು ಅರ್ಹತೆಯನ್ನು ನೋಡಿ ನೀಡುತ್ತದೆಯಾದ್ದರಿಂದ, ವಿಭಾಗಗಳು ಬಿಡಿಯಾಗಿ ಹೆಸರು ಕೊಳ್ಳುವುದಕ್ಕಿಂತ ಮಾತೃಸಂಸ್ಥೆಯ ಹೆಸರಿನಡಿಯಲ್ಲಿ ಇರುವುದು ಕ್ಷೇಮಕರ.

ಎರಡನೆಯದು ಸ್ಥಳ. ಯುನಿಕೋಡ್ ಪದ್ಧತಿಯ ಯುಟಿಎಫ್-8 ರೂಪದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಅಂಥ ಆರು ಸಂಕೇತಗಳು ಸೇರಿವೆ. ಆದರೂ ಪಠ್ಯದ ಭಾರ ಅತ್ಯಲ್ಪ. ಸ್ಥಳವನ್ನು ನುಂಗುವುದು ಚಿತ್ರಗಳು. 10,000 ಪುಟಗಳ ಸಂಗ್ರಹವೊಂದರಲ್ಲಿ ಪುಟವೊಂದರ ಮೂಲಚಿತ್ರ 25 ಮೆಗಾಬೈಟ್ ಎಂದಿಟ್ಟುಕೊಂಡರೆ ಒಟ್ಟು 250 ಗಿಗಾಬೈಟ್ ಆಗುತ್ತದೆ. ಓದುವುದಕ್ಕೆ ಸಾಕಾಗುವಂತೆ ಅರ್ಧ ಮೆಗಾಬೈಟಿಗೆ ಇಳಿಸಿದರೆ 5 ಗಿಗಾಬೈಟ್ ಮಾತ್ರ. ಮೂಲವನ್ನು ಸಂಸ್ಥೆಯಲ್ಲಿಯೇ ಕಾಪಾಡಿ, ಕಿರುಪ್ರತಿಗಳನ್ನು ಮಾತ್ರ ಜಾಲಕ್ಕೇರಿಸಿದಲ್ಲಿ ಬಾಡಿಗೆ ಎಷ್ಟೋ ಇಳಿಯುತ್ತದೆ. ಮೂರನೆಯದಾದ ಸಾಗಾಣಿಕೆಗೂ ಇದೇ ಲೆಕ್ಕ ಅನ್ವಯಿಸುತ್ತದೆ: ತಿಂಗಳಿಗೆ 1,000 ಮಂದಿ ತಲಾ 20 ಕಿರುಪುಟಗಳನ್ನು ನೋಡಿದರೆ ಸಾಗುವುದು 10 ಗಿಗಾಬೈಟ್, ಮೂಲಚಿತ್ರಗಳನ್ನೇ ನೋಡಿದರೆ 500.

ಅಗ್ಗದ ಹೋಸ್ಟಿಂಗ್ ಎಂಬುದು ವಠಾರದ ಮನೆಯಂತೆ. ಒಂದೇ ಸರ್ವರನ್ನು ಅನೇಕ ತಾಣಗಳು ಹಂಚಿಕೊಂಡಿರುತ್ತವೆ. ನೆರೆಯವನು ಬಾವಿಯ ನೀರನ್ನೆಲ್ಲ ಸೇದಿಕೊಂಡರೆ ನಮ್ಮ ಕೊಡ ಬರಿದು. 'ಅನಿಯಮಿತ' ಎಂಬ ವಾಗ್ದಾನಕ್ಕೆ ಕರಾರುಪತ್ರದ ಒಳಗೆ ಮಿತಿಗಳಿರುವುದು ಸಾಮಾನ್ಯ. ಶೇಕಡ 99.9ರಷ್ಟು ಕಾಲ ತಾಣ ಲಭ್ಯವಿರುವುದೆಂಬ ಭರವಸೆಯ ಅರ್ಥ, ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಅದು ನಿಂತರೂ ಕರಾರು ಮುರಿದಂತಾಗದು ಎಂಬುದು. ಇನ್ನು ಮೊದಲ ವರ್ಷದ ದರವನ್ನು ನೋಡೋಣ. ಅದು 1,200 ರೂ., ನವೀಕರಣದ ದರ 4,000 ರೂ. ಎಂದು ಉದಾಹರಣೆಗಾಗಿ ಊಹಿಸಿದರೆ, ಹತ್ತು ವರ್ಷಗಳ ವೆಚ್ಚ 37,200 ರೂ. ಆಗುತ್ತದೆ, ಮೊದಲ ದರವನ್ನೇ ನಂಬಿದವನು 12,000 ರೂ. ಮಾತ್ರ ಎತ್ತಿಟ್ಟಿರುತ್ತಾನೆ. ಬೇಡದ ವೆಚ್ಚವೂ ಉಂಟು. ಭದ್ರತೆಯ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ವ್ಯವಸ್ಥೆಯು 2015ರಿಂದ ಉಚಿತವಾಗಿ ಕೊಡುತ್ತಿದ್ದರೂ, ಅದಕ್ಕಾಗಿ ಪ್ರತ್ಯೇಕ ಶುಲ್ಕ ತೆರುವವರಿದ್ದಾರೆ.

ಹಾಗಾದರೆ ಉಚಿತ ಸ್ಥಳವನ್ನೇ ಆಶ್ರಯಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಜಿಯೋಸಿಟೀಸ್ ಎಂಬ ಅಮೆರಿಕೆಯ ಸೇವೆಯ ಚರಿತ್ರೆ ಉತ್ತರ ಕೊಡುತ್ತದೆ. 1994ರಲ್ಲಿ ಹುಟ್ಟಿದ ಈ ಸೇವೆಯಲ್ಲಿ ಲಕ್ಷಾಂತರ ಜನ ಉಚಿತವಾಗಿ ಪುಟಗಳನ್ನು ಕಟ್ಟಿದರು. 1999ರಲ್ಲಿ ಯಾಹೂ ಕಂಪನಿ ಅದನ್ನು 350 ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡಿತು. 2009ರ ಅಕ್ಟೋಬರ್ 26ರಂದು ಮುಚ್ಚಿತು. ಸ್ವಯಂಸೇವಕರೂ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯೂ ನಕಲುಮಾಡಿಕೊಂಡಷ್ಟು ಉಳಿಯಿತು.

ಹಣ ಕೊಟ್ಟ ಮಾತ್ರಕ್ಕೆ ಕ್ಷೇಮವೆಂದೂ ತಿಳಿಯಲಾಗದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶಕೇಂದ್ರಕ್ಕೆ ಬೆಂಕಿಬಿದ್ದು ಒಂದು ಕಟ್ಟಡ ಪೂರ್ಣವಾಗಿಯೂ ಇನ್ನೊಂದು ಭಾಗಶಃವಾಗಿಯೂ ನಾಶವಾದುವು. ಬ್ಯಾಕಪ್ ಸೇವೆಗೆ ಶುಲ್ಕ ತೆತ್ತಿದ್ದ ಕೆಲವರ ಪ್ರತಿಗಳೂ ಮೂಲವಿದ್ದ ಕಟ್ಟಡದಲ್ಲಿಯೇ ಇದ್ದು, ಎರಡೂ ಒಟ್ಟಿಗೆ ಬೆಂದುಹೋದುವು. ಬೇರೊಂದು ಊರಿನಲ್ಲಿ ಪ್ರತಿಯನ್ನಿಡುವ ವೆಚ್ಚವನ್ನೂ ಹೋಸ್ಟಿಂಗಿನ ವೆಚ್ಚದಲ್ಲಿಯೇ ಎಣಿಸಬೇಕೆಂಬುದು ಇದರಿಂದ ಸ್ಪಷ್ಟ.

ನಾಲ್ಕನೆಯ ಅಂಗವಾದ ಪಾಲನೆಯೇ ಎಲ್ಲಕ್ಕಿಂತ ದೊಡ್ಡದು. ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ತಿಂಗಳಿಗೆ ನಾಲ್ಕೇ ಗಂಟೆಗಳ ಕೆಲಸವೆಂದರೂ ಹತ್ತು ವರ್ಷಗಳಿಗೆ 480 ಗಂಟೆಗಳು. ಕನ್ನಡಕ್ಕೆ ಇಲ್ಲಿ ವಿಶೇಷವಾದೊಂದು ಹೊರೆಯೂ ಇದೆ. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಠ್ಯ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅದನ್ನು ಪರಿವರ್ತಿಸಿ, ತಪ್ಪುಗಳನ್ನು ತಿದ್ದುವ ಶ್ರಮಕ್ಕೆ ಯಾವ ಹೋಸ್ಟಿಂಗ್ ಕಂಪನಿಯೂ ದರಪಟ್ಟಿ ಕೊಡುವುದಿಲ್ಲ.

ಈ ಸಂದರ್ಭದಲ್ಲಿ ನಮ್ಮ ಶಾಸನಗಳ ದಾನವಿಧಾನ ಗಮನಾರ್ಹವಾಗಿದೆ. ದೇಗುಲವನ್ನು ಕಟ್ಟಿಸಿದವರು ಅಷ್ಟಕ್ಕೇ ತೃಪ್ತರಾಗದೆ, 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು, ಅಂದರೆ ಮುಂದೆ ಒಡೆದು ಬಿರಿದುದನ್ನು ಸರಿಪಡಿಸುವುದಕ್ಕೆಂದು, ಭೂಮಿಯನ್ನು ಬಿಡುತ್ತಿದ್ದರು. ನಂದಾದೀವಿಗೆಯ ಎಣ್ಣೆಗಾಗಿ ಹೊನ್ನನ್ನು ಇಟ್ಟು, ಅದರ ಬಡ್ಡಿಯಿಂದ ದೀಪ ನಡೆಯುವಂತೆ ಕಟ್ಟುಮಾಡಿದ ನಿದರ್ಶನಗಳೂ ಇವೆ. ಆ ದಾನದ ಹೊಣೆ ಯಾರದೆಂಬುದನ್ನು ಕಲ್ಲಿನಲ್ಲಿಯೇ ಬರೆಯಿಸುತ್ತಿದ್ದುದುಂಟು.

ಇಂದಿನ ಸಂಶೋಧನಾ ಯೋಜನೆಗಳಲ್ಲಿ ಅನುದಾನ ಎರಡು ಮೂರು ವರ್ಷಗಳಿಗೆ ಮುಗಿಯುತ್ತದೆ. ತಾಣವನ್ನು ಕಟ್ಟಿದ ಸಹಾಯಕನು ಬೇರೆಡೆಗೆ ಹೋಗುತ್ತಾನೆ. ಪ್ರವೇಶಪದ ಅವನೊಂದಿಗೇ ಹೋಗುತ್ತದೆ. ಆದಕಾರಣ ತಾಣವನ್ನು ಆರಂಭಿಸುವ ವಿಭಾಗವು ಹತ್ತು ವರ್ಷಗಳ ನವೀಕರಣ, ಬೇರೆ ಊರಿನ ಪ್ರತಿ, ಪಾಲಕನ ವೇಳೆ, ಇವನ್ನು ಮೊದಲೇ ಆಯವ್ಯಯದಲ್ಲಿ ಸೇರಿಸಬೇಕು. ಹೆಸರನ್ನೂ ಪ್ರವೇಶಪದವನ್ನೂ ವ್ಯಕ್ತಿಯ ಕೈಯಲ್ಲಿ ಬಿಡದೆ ಸಂಸ್ಥೆಯ ದಫ್ತರಿಗೆ ಸೇರಿಸಬೇಕು. ಅಷ್ಟು ಶಕ್ತಿ ಇಲ್ಲದ ವಿಭಾಗವು ಸ್ವಂತ ತಾಣದ ಆಸೆಯನ್ನು ಬಿಟ್ಟು, ತನ್ನ ಸಾಮಗ್ರಿಯನ್ನು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದ ಸಂಗ್ರಹಕ್ಕೆ ಒಪ್ಪಿಸುವುದೇ ಲೇಸು. ವಿದ್ಯಾರ್ಥಿಯೊಬ್ಬನು ಇಂದು ಉಲ್ಲೇಖಿಸಿದ ಶಾಸನಪಾಠ ಹತ್ತು ವರ್ಷಗಳ ಮೇಲೆ ಅವನ ಪರೀಕ್ಷಕನಿಗೂ ದೊರೆಯಬೇಕಾದರೆ ಈ ಎರಡರಲ್ಲಿ ಒಂದು ದಾರಿಯನ್ನು ಹಿಡಿಯಲೇಬೇಕು.