ಸಿಗಾರಿಗೆ ರೆಸ್ಟ್, ಬೀಡಿಗೆ ಬೆಂಕಿ: ಎಲೆಯ ತೇವ ಕಾಯೋರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದೋಕೆ ಸುಲಭವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ತುಮಕೂರಿನಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಫಾರಿನ್‌ನಿಂದ ಬಂದ ಕಸಿನ್ ಒಂದು ಬಾಕ್ಸ್ ಸಿಗಾರ್ ತಂದರಂತೆ. ಜೊತೆಗೆ ಒಂದು ಕಂಡೀಷನ್ನೂ ಹಾಕಿದರಂತೆ: ಈಗಲೇ ಹಚ್ಚಬೇಡ, ಮೊದಲು ರೆಸ್ಟ್ ಮಾಡಿಸು ಅಂತ. ಇವರ ಪ್ರಶ್ನೆ ಇಷ್ಟೇ: "ಒಣಗಿದ ಎಲೆಗೆ ಎಂಥ ರೆಸ್ಟು? ಎಷ್ಟು ದಿನ?"

ಉತ್ತರಕ್ಕೆ ಮುಂಚೆ ಒಂದು ಮಾತು. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ಸಿಗರೇಟು, ಬೀಡಿ, ಸಿಗಾರ್ ಯಾವುದನ್ನೂ ಮಾರುವಂತಿಲ್ಲ. ಸೇದಿ ಅಂತ ಹೇಳೋ ಎಪಿಸೋಡ್ ಇದಲ್ಲ. ಆದರೆ ಪ್ರಶ್ನೆ ಚೆನ್ನಾಗಿದೆ, ಯಾಕಂದ್ರೆ ಅದಕ್ಕೆ ಉತ್ತರ ಹುಡುಕ್ತಾ ಹೋದರೆ ತುಮಕೂರಿನ ಓಣಿಗಳಿಗೇ ಬಂದು ನಿಲ್ತೀವಿ.

ಮೊದಲು ನೇರ ಉತ್ತರ. ದೂರದಿಂದ ಪ್ರಯಾಣ ಮಾಡಿ ಬಂದ ಸಿಗಾರಿಗೆ ಸಾಮಾನ್ಯವಾಗಿ ಎರಡು ವಾರ ಬಿಡ್ತಾರೆ. ದಪ್ಪಗಿದ್ದರೆ, ಅಥವಾ ಕೈಗೆ ಮೆತ್ತಗೆ, ಹಸಿ ಹಸಿ ಅನ್ನಿಸಿದರೆ ಒಂದು ತಿಂಗಳು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ತೆಳ್ಳಗಿನದಕ್ಕೆ ಒಂದು ವಾರವೂ ಸಾಕಾಗಬಹುದು. ಕಾರ್ಖಾನೆಯಲ್ಲಿ ಸುತ್ತಿದ ಮೇಲೂ ತಕ್ಷಣ ಮಾರುಕಟ್ಟೆಗೆ ಕಳಿಸಲ್ಲ. ಕ್ಯೂಬಾದಲ್ಲಿ 'ಎಸ್ಕಪರಾತೆ' ಅನ್ನೋ ತಂಪು ಕೋಣೆಯಲ್ಲಿ ವಾರಗಟ್ಟಲೆ ಇಡ್ತಾರೆ. ಅಂದ್ರೆ ನಿಮ್ಮ ಮನೆಯ ರೆಸ್ಟು ಅದರ ಎರಡನೇ ರೆಸ್ಟು.

ಯಾಕೆ ಅಂತ ನಮ್ಮ ಕಡೆಯ ಉದಾಹರಣೆಯಿಂದಲೇ ನೋಡೋಣ. ಗುಬ್ಬಿ ಅಥವಾ ಕುಣಿಗಲ್ ಕಡೆಯವರಾದರೆ, ಅಟ್ಟದ ಮೇಲೆ ಕೂಡಿಟ್ಟ ತೆಂಗಿನಕಾಯಿ ಗೊತ್ತೇ ಇರುತ್ತೆ. ಎಂಟು ತಿಂಗಳಿಂದ ಒಂದು ವರ್ಷ ಅದು ಅಲ್ಲಿ ಸುಮ್ಮನೆ ಬಿದ್ದಿರುತ್ತೆ. ಒಳಗಿನ ನೀರು ನಿಧಾನವಾಗಿ ಇಂಗಿ, ಕಾಯಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನೋ ತನಕ ಯಾರೂ ಒಡೆಯಲ್ಲ. ಅವಸರ ಮಾಡಿದರೆ ಉಂಡೆ ಕೊಬ್ಬರಿ ಆಗಲ್ಲ. ಬಿಸಿಲಿಗೆ ಹಾಕಿ ಒಂದೇ ವಾರದಲ್ಲಿ ಮುಗಿಸೋ ಕೆಲಸವಲ್ಲ ಅದು. ಹೊರಗಿನ ಗಾಳಿ, ಒಳಗಿನ ತೇವ ಎರಡೂ ಒಂದು ಹದಕ್ಕೆ ಬರೋಕೆ ಟೈಮ್ ಬೇಕು.

ಸಿಗಾರಿನ ಕಥೆಯೂ ಹತ್ತಿರ ಹತ್ತಿರ ಇದೇ. ಅದರಲ್ಲಿ ಪೇಪರ್ ಇಲ್ಲ, ಪೂರ್ತಿ ತಂಬಾಕಿನ ಎಲೆ. ಒಳಗೆ ಹೂರಣ, ಅದನ್ನು ಹಿಡಿದಿಡೋಕೆ ಒಂದು ಎಲೆ, ಮೇಲೆ ನುಣುಪಾದ ಹೊದಿಕೆ ಎಲೆ. ಮೂರೂ ಬೇರೆ ಬೇರೆ ದಪ್ಪ, ಹಾಗಾಗಿ ತೇವ ಹೀರೋದು ಬಿಡೋದು ಬೇರೆ ಬೇರೆ ವೇಗದಲ್ಲಿ. ವಿಮಾನದ ಒಣ ಗಾಳಿಯಲ್ಲಿ ಹೊದಿಕೆ ಮೊದಲು ಒಣಗುತ್ತೆ, ಒಳಗಿನದು ಇನ್ನೂ ಹಸಿಯಾಗಿರುತ್ತೆ. ಆಗ ಹಚ್ಚಿದರೆ ಒಂದು ಪಕ್ಕ ಉರಿಯುತ್ತೆ, ಇನ್ನೊಂದು ಪಕ್ಕ ಹಿಂದೆ ಬೀಳುತ್ತೆ. ಹೊದಿಕೆ ಸೀಳುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರೆ ಮೂರೂ ಎಲೆಗಳ ತೇವ ಸಮವಾಗುತ್ತೆ. ರೆಸ್ಟು ಅಂದ್ರೆ ಮುಖ್ಯವಾಗಿ ಇದೇ.

ಇನ್ನೊಂದು ಕಾರಣ ಅಮೋನಿಯಾ. ತಂಬಾಕಿನ ಎಲೆಯನ್ನು ರಾಶಿ ಹಾಕಿ ಹುದುಗಿಸ್ತಾರೆ. ಗೊಬ್ಬರದ ಗುಂಡಿ ಒಳಗೊಳಗೇ ಬಿಸಿಯಾಗುತ್ತಲ್ಲ, ಹಾಗೇ ಆ ರಾಶಿಯೂ ಬಿಸಿಯಾಗುತ್ತೆ. ಎಲೆಯ ಪ್ರೋಟೀನ್ ಒಡೆದು ಅಮೋನಿಯಾ ಹೊರಗೆ ಹೋಗುತ್ತೆ. ಪೂರ್ತಿ ಹೋಗಿಲ್ಲ ಅಂದ್ರೆ ಹೊಸ ಸಿಗಾರು ಮೂಗಿಗೆ ಚುರ್ ಅನ್ನುತ್ತೆ. ಎರಡು ವಾರದಲ್ಲಿ ಇದೆಲ್ಲ ಸರಿಹೋಗಲ್ಲ, ಅದಕ್ಕೆ ತಿಂಗಳುಗಳು ಬೇಕು. ರೆಸ್ಟು ಬೇರೆ, ಮಾಗಿಸೋದು ಬೇರೆ. ಎರಡನ್ನೂ ಒಂದೇ ಅಂದುಕೊಂಡೇ ಒಬ್ಬರು ಎರಡು ವಾರ ಅಂತಾರೆ, ಇನ್ನೊಬ್ಬರು ಐದು ವರ್ಷ ಅಂತಾರೆ.

ಹದ ಅಂದ್ರೆ ಎಷ್ಟು? ಸುಮಾರು 65ರಿಂದ 70ರಷ್ಟು ಸಾಪೇಕ್ಷ ಆರ್ದ್ರತೆ, 18ರಿಂದ 21 ಡಿಗ್ರಿ ಉಷ್ಣತೆ. ಈಗ ಏಪ್ರಿಲ್ ತಿಂಗಳ ತುಮಕೂರು ನೆನಪಿಸಿಕೊಳ್ಳಿ. ಫ್ಯಾನ್ ಗಾಳಿಯೂ ಬಿಸಿ, ಮಧ್ಯಾಹ್ನ ಟೆಂಪರೇಚರ್ 35 ದಾಟಿರುತ್ತೆ. ಕಪಾಟಿನಲ್ಲಿ ಇಟ್ಟರೆ ಎಲೆ ಪುಡಿಪುಡಿ. ಫ್ರಿಜ್ ಇನ್ನೂ ಕೆಟ್ಟದು, ಅದು ತೇವವನ್ನೇ ಎಳೆದುಬಿಡುತ್ತೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಉಲ್ಟಾ, ಬೂಷ್ಟು ಹಿಡಿಯುತ್ತೆ. 25 ಡಿಗ್ರಿ ದಾಟಿ ತೇವವೂ ಹೆಚ್ಚಾದರೆ ಎಲೆಯಲ್ಲಿ ಅಡಗಿದ್ದ ತಂಬಾಕು ಜೀರುಂಡೆಯ ಮೊಟ್ಟೆ ಒಡೆದು, ಹುಳು ಸಿಗಾರಿನ ಉದ್ದಕ್ಕೂ ತೂತು ಕೊರೆಯುತ್ತೆ. ಇಷ್ಟೆಲ್ಲ ಕಾಯೋಕೆ ಅಂತಲೇ ಸ್ಪ್ಯಾನಿಷ್ ಸೀಡರ್ ಮರದ ಪೆಟ್ಟಿಗೆ, ಮೀಟರು, ತೇವ ಕೊಡೋ ಪ್ಯಾಕೆಟ್ಟು. ದೊಡ್ಡ ಬಿಸಿನೆಸ್ಸು ಅದು.

ಒಂದು ವಿಷಯ ಮಾತ್ರ ಸ್ಪಷ್ಟವಾಗಿರಲಿ. ರೆಸ್ಟು ಮಾಡಿಸಿದರೆ ರುಚಿ ಬದಲಾಗಬಹುದು, ನಿಕೋಟಿನ್ನೂ ಟಾರೂ ಮಾಯ ಆಗಲ್ಲ. ದೊಡ್ಡ ಸಿಗಾರೊಂದರಲ್ಲಿ 5ರಿಂದ 20 ಗ್ರಾಂ ತನಕ ತಂಬಾಕು ಇರುತ್ತೆ. ಒಂದು ಬೀಡಿಯಲ್ಲಿ ಇರೋದು ಸುಮಾರು 0.2 ಗ್ರಾಂ. 10 ಗ್ರಾಂನ ಸಿಗಾರ್ ಅಂದ್ರೆ 50 ಬೀಡಿ, ಅಂದ್ರೆ 25ರ ಎರಡು ಕಟ್ಟು. ಹಾಗಂತ ಬೀಡಿ ಸೌಮ್ಯ ಅಂತಲೂ ಅಲ್ಲ. ಅದರ ಎಲೆಯಲ್ಲಿ ಗಾಳಿ ಆಡಲ್ಲ, ಆರದೇ ಇರಲಿ ಅಂತ ಪದೇ ಪದೇ ಜೋರಾಗಿ ಎಳೀಬೇಕು. ಆದ್ದರಿಂದ ತಂಬಾಕು ಕಡಿಮೆ ಇದ್ದರೂ ಬೀಡಿ ಹೊಗೆಯಲ್ಲಿ ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಹೆಚ್ಚು.

ಬೀಡಿ ಅಂದ ತಕ್ಷಣ ತುಮಕೂರಿಗೆ ಬಂದೆವು. ಸಿಗಾರ್ ಪ್ರಿಯರು ಮೀಟರ್ ಇಟ್ಟು ಅಳೆಯೋ ಎಲೆಯ ತೇವವನ್ನು, ಬೀಡಿ ಕಟ್ಟೋ ಹೆಣ್ಣುಮಕ್ಕಳು ಬೆರಳಲ್ಲೇ ಅಳೀತಾರೆ. ದೇಶದಲ್ಲಿ ಸುಮಾರು 50 ಲಕ್ಷ ನೋಂದಾಯಿತ ಬೀಡಿ ಕಾರ್ಮಿಕರಿದ್ದಾರೆ, ಹೆಚ್ಚಿನವರು ಮನೆಯಲ್ಲೇ ಕೂತು ಕಟ್ಟೋ ಮಹಿಳೆಯರು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆ ಜಾಸ್ತಿ. ಬಯಲುಸೀಮೆಯಲ್ಲಿ ಈ ಕೆಲಸ ಇರೋ ಊರುಗಳಲ್ಲಿ ತುಮಕೂರೂ ಒಂದು.

ಕೆಲಸ ಹೇಗೆ ನಡೆಯುತ್ತೆ ನೋಡಿ. ಗುತ್ತಿಗೆದಾರ ಎಲೆ, ತಂಬಾಕು, ದಾರ ತೂಕ ಹಾಕಿ ಕೊಡ್ತಾನೆ. ಎಲೆ ತೆಂಡು ಮರದ್ದು, ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ ಕಾಡುಗಳಿಂದ ಬರುತ್ತೆ. ಬಂದಾಗ ಹಪ್ಪಳದ ಥರ ಒಣಗಿರುತ್ತೆ. ಅದನ್ನು ನೀರಲ್ಲಿ ನೆನೆಸಿ, ನೀರು ಬಸಿದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ರಾತ್ರಿಯಿಡೀ ಬಿಡ್ತಾರೆ. ಬೀಡಿಗೆ ಇರೋ ರೆಸ್ಟು ಇಷ್ಟೇ, ಒಂದು ರಾತ್ರಿ! ಬೆಳಿಗ್ಗೆ ಎಲೆ ಮೆತ್ತಗಾಗಿರಬೇಕು, ಆದರೆ ನೀರು ಜಿನುಗಬಾರದು. ತಗಡಿನ ಅಳತೆ ಇಟ್ಟು ಕತ್ತರಿಸಿ, ತಂಬಾಕು ಹಾಕಿ, ಸುತ್ತಿ, ತುದಿ ಮಡಚಿ, ದಾರ ಕಟ್ಟಬೇಕು. ದಿನಕ್ಕೆ 500ರಿಂದ 1,000. ಎಲೆ ಒಣಗಿತು ಅಂದ್ರೆ ಸುತ್ತುವಾಗಲೇ ಸೀಳುತ್ತೆ. ಜಾಸ್ತಿ ನೆನೆದರೆ ಆಮೇಲೆ ಒಣಗಿ ಕುಗ್ಗಿ ದಾರ ಸಡಿಲವಾಗುತ್ತೆ. ಬೇಸಿಗೆಯಲ್ಲಿ ಗೋಣಿಗೆ ಮತ್ತೆ ಮತ್ತೆ ನೀರು ಚಿಮುಕಿಸಬೇಕು, ಮಳೆಗಾಲದಲ್ಲಿ ಎಲೆಗೆ ಬೂಷ್ಟು ಬರದಂತೆ ನೋಡಿಕೊಳ್ಳಬೇಕು.

ಕಟ್ಟಿದ ಬೀಡಿ ಕಂಪನಿಗೆ ಹೋದ ಮೇಲೆ ಸಿಗಾರಿಗೆ ಪೂರ್ತಿ ಉಲ್ಟಾ. ಟ್ರೇನಲ್ಲಿ ಜೋಡಿಸಿ ಒಲೆಯಲ್ಲಿ ಹುರೀತಾರೆ, ಉಳಿದ ತೇವ ಹೋಗಲಿ ಅಂತ. ಸಿಗಾರಿಗೆ ತೇವ ಉಳೀಬೇಕು, ಬೀಡಿಗೆ ಹೋಗಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತೆ, ಸರಿಯಾಗಿ ಹತ್ತಿಕೊಳ್ಳಲ್ಲ. ತಿಂಗಳುಗಟ್ಟಲೆ ಕಾಯೋಕೆ ಅಗ್ಗದ ಸರಕಿನಲ್ಲಿ ಯಾರಿಗೂ ದುಡ್ಡಿಲ್ಲ, ಅದಕ್ಕೇ ಬೆಂಕಿ.

ದುಡ್ಡಿನ ಲೆಕ್ಕವೂ ಈ ತೇವದಲ್ಲೇ ಇದೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಸೀಳಿದ, ಸಡಿಲವಾದ, ಅಳತೆ ತಪ್ಪಿದ ಬೀಡಿ ರಿಜೆಕ್ಟ್, ಅದಕ್ಕೆ ಕೂಲಿ ಇಲ್ಲ. ಕೊಟ್ಟ ಎಲೆಯೇ ಕಳಪೆಯಾಗಿದ್ದರೆ ಸಾವಿರ ತುಂಬಿಸೋಕೆ ಕೆಲವರು ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕಾಗುತ್ತೆ. ಕಾನೂನು ಇಲ್ಲ ಅಂತಲ್ಲ. 1966ರಲ್ಲೇ ಕಾಯ್ದೆ ಬಂತು. ಅದರ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ, ಎರಡೂ ಒಂದೇ ಸಾಲಿನಲ್ಲಿ! ಎಲೆ ನೆನೆಸೋದು, ಕತ್ತರಿಸೋದನ್ನು ಕಾರ್ಖಾನೆಯ ಹೊರಗೆ ಮಾಡಿಸೋಕೆ ಅನುಮತಿ ಬೇಕು ಅಂತಲೂ ಅದರಲ್ಲಿ ಇತ್ತು. ಅದರಡಿ ಹಲವು ರಾಜ್ಯಗಳು ಮಾಡಿದ ನಿಯಮದ ಪ್ರಕಾರ ಒಂದು ಮಿತಿಗಿಂತ ಹೆಚ್ಚು ಬೀಡಿ ರಿಜೆಕ್ಟ್ ಮಾಡುವಂತಿರಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ ಕಟ್ಟುತ್ತಿದ್ದರೆ ವಾಪಸ್ ಬಂದಿದ್ದು ಎಷ್ಟು ಅಂತ ಕೇಳಿ ನೋಡಿ. 2025ರ ನವೆಂಬರ್ 21ರಿಂದ ಆ ಹಳೆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಹೆಸರಿನಲ್ಲೇ ಬೀಡಿ ಇದ್ದ ಕಾನೂನು ಹೋಗಿ, ಎಲ್ಲರಿಗೂ ಒಂದೇ ಅನ್ನೋ ದೊಡ್ಡ ಕಾನೂನು ಬಂದಿದೆ. ಮನೆಯಲ್ಲಿ ಕೂತು ಕಟ್ಟುವವರ ತನಕ ಅದು ಮುಟ್ಟೋದು ಕಷ್ಟ ಅನ್ನೋದು ನನ್ನ ಅನಿಸಿಕೆ.

ಆರೋಗ್ಯದ ವಿಷಯ ಎಲ್ಲರಿಗೂ ಗೊತ್ತಿರೋದೇ: ತಂಬಾಕಿನ ಧೂಳು, ಕೆಮ್ಮು, ಇಡೀ ದಿನ ಬಗ್ಗಿ ಕೂತು ಬೆನ್ನು, ಕುತ್ತಿಗೆ ನೋವು. ಸೇದದೇ ಇರೋರ ಮನೆಯೊಳಗೂ ತಂಬಾಕು ಇರುತ್ತೆ, ಅದೇ ಕೋಣೆಯಲ್ಲಿ ಮಕ್ಕಳು ಮಲಗ್ತಾರೆ. ಕಟ್ಟೋ ಜಾಗಕ್ಕೆ ಕಿಟಕಿ ಇರಲಿ, ತಂಬಾಕಿನ ಡಬ್ಬ ಅಡುಗೆಮನೆಯಿಂದ ದೂರ ಇರಲಿ. ಒಂದೇ ಕೋಣೆಯ ಮನೆಯಲ್ಲಿ ಇದನ್ನ ಹೇಳೋದು ಸುಲಭ, ಮಾಡೋದು ಕಷ್ಟ, ಗೊತ್ತು.

ಕೊನೆಯದಾಗಿ ಒಂದು ಉಪಯೋಗದ ಮಾಹಿತಿ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ 1976ರ ಕಾಯ್ದೆಯಡಿ ಬೀಡಿಯ ಮೇಲೆ ಸೆಸ್ ಬರ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ ನಿಂತುಹೋಯಿತು, ಆದರೆ ವಿದ್ಯಾರ್ಥಿವೇತನ ಮುಂದುವರಿದಿದೆ. ಒಂದನೇ ಕ್ಲಾಸಿನಿಂದ ವೃತ್ತಿಪರ ಕೋರ್ಸಿನ ತನಕ, ವರ್ಷಕ್ಕೆ 1,000ದಿಂದ 25,000 ರೂಪಾಯಿ. ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಫೋನಲ್ಲೇ ಹಾಕಬಹುದು. ಅದಕ್ಕೆ ಅಮ್ಮನದೋ ಅಪ್ಪನದೋ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು. ಗುತ್ತಿಗೆದಾರನ ಪುಸ್ತಕದಲ್ಲಿ ಹೆಸರಿದ್ದರೂ ಎಷ್ಟೋ ಮನೆಗಳಲ್ಲಿ ಚೀಟಿ ಮಾಡಿಸಿರಲ್ಲ. ಪೋರ್ಟಲ್ ತೆರೆದಾಗ ಓಡಾಡೋ ಬದಲು ಅದನ್ನ ಮೊದಲು ಮಾಡಿಸಿಟ್ಟುಕೊಳ್ಳಿ.