ಅಂಗಡಿಯ ಹೆಸರಿನಲ್ಲಿ ಸಣ್ಣ ಕಾರು: ಅನುಕೂಲಗಳು ಮತ್ತು ಮಿತಿಗಳು

ವಸೂಲಿಗಾಗಿ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ತಿರುಗುವ ವರ್ತಕ ಬಾಂಧವರಿಗೆ ಆಲ್ಟೊದಂತಹ ಸಣ್ಣ ಕಾರು ಅನುಕೂಲಕರವೇ ಸರಿ. ಇಂಧನ ವೆಚ್ಚ ಕಡಿಮೆ. ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ. ಇಕ್ಕಟ್ಟಾದ ಪೇಟೆಯಲ್ಲಿ ನಿಲ್ಲಿಸುವುದೂ ಸುಲಭ. ಆದರೆ ಐವರು ಕುಳಿತು ಸರಕನ್ನೂ ಹೇರಿದರೆ ಅದರ ಶಕ್ತಿ ಸಾಲದು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ದರ ಶೇ. 28ರಿಂದ ಶೇ. 18ಕ್ಕೆ ಇಳಿದು, ಸೆಸ್ ಸಹ ರದ್ದಾಯಿತು. ಆದರೆ ಅನೇಕರು ಎಡವುವುದು ಇಲ್ಲಿಯೇ. ಟ್ಯಾಕ್ಸಿ, ಚಾಲನಾ ತರಬೇತಿ, ಕಾರು ಮಾರಾಟದಂತಹ ವ್ಯವಹಾರಗಳನ್ನು ಬಿಟ್ಟರೆ, ಅಂಗಡಿಯ ಹೆಸರಿನಲ್ಲಿ ಕೊಂಡ ಕಾರಿಗೂ ಇನ್‌ಪುಟ್ ತೆರಿಗೆ ಜಮೆ ದೊರೆಯದು. ವ್ಯಾಪಾರಕ್ಕೆ ಬಳಸುವ ಸರಕು ಸಾಗಣೆ ವಾಹನಕ್ಕಾದರೆ ದೊರೆಯುತ್ತದೆ.

ಉದಾಹರಣೆಗೆ, ಮೂಲ ಬೆಲೆ ರೂ. 4,00,000 ಹಾಗೂ ತೆರಿಗೆ ರೂ. 72,000 ಎಂದಿಟ್ಟುಕೊಳ್ಳೋಣ. ಜಮೆಯಾಗದ ತೆರಿಗೆಯೂ ಸೇರಿ ಕಾರಿನ ವೆಚ್ಚ ರೂ. 4,72,000 ಆಗುತ್ತದೆ. ಆದಾಯ ತೆರಿಗೆ ಲೆಕ್ಕದಲ್ಲಿ ಶೇ. 15ರಂತೆ ಮೊದಲ ವರ್ಷದ ಸವಕಳಿ ರೂ. 70,800. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಮಾಲೀಕರ ಮನೆಬಳಕೆಯ ಪಾಲನ್ನು ಇದರಲ್ಲಿಯೂ ಇಂಧನ ವೆಚ್ಚದಲ್ಲಿಯೂ ಕಳೆಯತಕ್ಕದ್ದು.

ಆದ್ದರಿಂದ ಪ್ರಯಾಣದ ದಿನಾಂಕ, ಊರು, ಉದ್ದೇಶ ಹಾಗೂ ಕಿಲೋಮೀಟರುಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಕಾರು ಕೊಳ್ಳುವುದಾದರೆ ಕುಟುಂಬದ ಅನುಕೂಲಕ್ಕಾಗಿ ಕೊಳ್ಳಿರಿ, ತೆರಿಗೆ ಉಳಿತಾಯವೊಂದನ್ನೇ ನಂಬಿ ಬೇಡ.